ಗೇಮ್ ಕನ್ಸೋಲಿನ ಡಿಜಿಟಲ್ ಸೌಂಡನ್ನು ಹಳೇ ಸ್ಪೀಕರಿಗೆ, ಹೆಡ್‌ಫೋನಿಗೆ ತರುವುದು ಹೇಗೆ

ಮೊನ್ನೆ ರಾತ್ರಿ ತಮ್ಮ ಫೋನ್ ಮಾಡಿದ. "ಅಕ್ಕಾ, ನೀನು ಹೇಳಿದ ಡಬ್ಬಿ ತಂದೆ. ಆಪ್ಟಿಕಲ್ ಕೇಬಲ್ ಹಾಕಿದೆ. ಕೇಬಲ್ ತುದೀಲಿ ಕೆಂಪು ಬೆಳಕು ಬರ್ತಿದೆ, ಡಬ್ಬಿ ಮೇಲೂ ಲೈಟ್ ಹತ್ತಿದೆ. ಸ್ಪೀಕರ್ ಮಾತ್ರ ಬಾಯೇ ಬಿಡ್ತಿಲ್ಲ."

"ಸೆಟ್ಟಿಂಗ್ಸ್‌ನಲ್ಲಿ ಆಡಿಯೋ ಫಾರ್ಮ್ಯಾಟ್ ಏನಿದೆ ನೋಡು."

"ಡಾಲ್ಬಿ. ಅದೇ ಒಳ್ಳೇದು ಅಲ್ವಾ?"

"ಲೀನಿಯರ್ ಪಿಸಿಎಂ ಮಾಡೋ."

ಅಷ್ಟೇ. ಫೋನಿನೊಳಗಿಂದ ಕಾರ್ ರೇಸಿನ ಅಬ್ಬರ ಕೇಳಿಸಿತು. ಅವನು ಎರಡು ಗಂಟೆ ಕೇಬಲ್ ತೆಗೆದು ಹಾಕಿ, ತೆಗೆದು ಹಾಕಿ ಒದ್ದಾಡಿದ್ದನಂತೆ.

ನಾನೂ ಹೀಗೆಯೇ ಒದ್ದಾಡಿ ಕಲಿತವಳು. ನನ್ನ ಹತ್ತಿರ ಒಂದು ಜೊತೆ ಹಳೇ ಸ್ಪೀಕರ್ ಇವೆ, ಹಿಂದೆ ಕೆಂಪು-ಬಿಳಿ ತೂತು ಮಾತ್ರ ಇರುವಂಥವು. ರಾತ್ರಿ ಮಗಳು ಮಲಗಿದ ಮೇಲೆ ಆಡಲು ಒಂದು ತಂತಿಯ ಹೆಡ್‌ಫೋನ್ ಇದೆ. ಎರಡೂ ಅನಲಾಗ್, ಅಂದರೆ ಏರಿಳಿಯುವ ವೋಲ್ಟೇಜ್ ಮಾತ್ರ ಅರ್ಥವಾಗುವಂಥವು. ಕನ್ಸೋಲ್ ಕೊಡುವುದು ಡಿಜಿಟಲ್, ಅಂದರೆ ಅಂಕಿಗಳ ರೂಪದ ಸೌಂಡು. ಈ ಎರಡರ ನಡುವೆ ಏನು ಹಾಕಬೇಕು, ಏನು ಹಾಕುವ ಅಗತ್ಯವೇ ಇಲ್ಲ ಅನ್ನುವುದನ್ನು ಇಲ್ಲಿ ಹೇಳುತ್ತೇನೆ.

ಡಬ್ಬಿ ಕೊಳ್ಳುವ ಮೊದಲು

ಎಷ್ಟೋ ಜನಕ್ಕೆ ಡಬ್ಬಿ ಬೇಕೇ ಇಲ್ಲ. ನಿಮಗೆ ಬೇಕಿರುವುದು ಬರೀ ಹೆಡ್‌ಫೋನ್ ಆದರೆ ಮೊದಲು ಕೈಯಲ್ಲಿರುವ ಕಂಟ್ರೋಲರ್ ತಿರುಗಿಸಿ ನೋಡಿ. ಪ್ಲೇಸ್ಟೇಷನ್ ಅಂದರೆ ಪಿಎಸ್4, ಪಿಎಸ್5 ಕಂಟ್ರೋಲರಿನ ಕೆಳಗೆ 3.5 ಮಿಲಿಮೀಟರ್ ಜಾಕ್ ಇದೆ. ಎಕ್ಸ್‌ಬಾಕ್ಸ್ ಒನ್ ಜೊತೆ 2013ರಲ್ಲಿ ಬಂದ ಮೊದಲ ಕಂಟ್ರೋಲರಿನಲ್ಲಿ ಈ ಜಾಕ್ ಇರಲಿಲ್ಲ, 2015ರಿಂದ ಬಂದವುಗಳಲ್ಲಿ ಇದೆ. ನಿಂಟೆಂಡೋ ಸ್ವಿಚ್‌ನಲ್ಲಿ ಯಂತ್ರದ ತಲೆಯ ಮೇಲೆಯೇ ಜಾಕ್ ಇದೆ. ಟಿವಿಗೆ ಜೋಡಿಸುವ ಡಾಕ್‌ ಎಂಬ ಸ್ಟ್ಯಾಂಡಿನಲ್ಲಿ ಕೂರಿಸಿದಾಗಲೂ ಅದು ಮೇಲ್ಗಡೆ ಕೈಗೆ ಸಿಗುತ್ತದೆ. ಉದ್ದದ ಕೇಬಲ್ ಇದ್ದರೆ ಅಲ್ಲಿಂದಲೇ ಸ್ಪೀಕರಿಗೂ ಎಳೆದುಕೊಳ್ಳಬಹುದು. ಅಂದರೆ ಡಿಜಿಟಲನ್ನು ಅನಲಾಗ್ ಮಾಡುವ ಚಿಪ್ ನಿಮ್ಮ ಹತ್ತಿರ ಆಗಲೇ ಇದೆ.

ಪಿಎಸ್4ನಲ್ಲಿ ಒಂದು ಸಣ್ಣ ಕೊಂಕು. ಹೆಡ್‌ಫೋನ್ ಚುಚ್ಚಿದರೂ ಆಟದ ಸೌಂಡು ಟಿವಿಯಲ್ಲೇ ಬರುತ್ತಿದ್ದರೆ ಗಾಬರಿ ಬೇಡ. ಸೆಟ್ಟಿಂಗ್ಸ್, ಡಿವೈಸಸ್, ಆಡಿಯೋ ಡಿವೈಸಸ್ ಒಳಗೆ ಹೋಗಿ 'ಔಟ್‌ಪುಟ್ ಟು ಹೆಡ್‌ಫೋನ್ಸ್' ಎಂಬಲ್ಲಿ 'ಆಲ್ ಆಡಿಯೋ' ಆರಿಸಿ. 'ಚಾಟ್ ಆಡಿಯೋ' ಅಂತಿದ್ದರೆ ಗೆಳೆಯರ ಮಾತು ಮಾತ್ರ ಕಿವಿಗೆ ಬರುತ್ತದೆ.

ಕಂಟ್ರೋಲರಿನ ಜಾಕಿನಿಂದ ಸ್ಪೀಕರಿಗೆ ತಂತಿ ಎಳೆಯುವುದು ಮಾತ್ರ ನನಗೆ ಇಷ್ಟವಿಲ್ಲ. ಕೈಯಲ್ಲಿ ಹಿಡಿಯುವ ವಸ್ತುವಿಗೆ ಬಾಲ ಕಟ್ಟಿದ ಹಾಗೆ. ಒಂದು ಸಲ ನಾನು ಎದ್ದು ನೀರು ಕುಡಿಯಲು ಹೋದಾಗ ಎಡಗಡೆ ಸ್ಪೀಕರ್ ನನ್ನ ಹಿಂದೆಯೇ ಬಂತು.

ಬ್ಲೂಟೂತ್ ಕೇಳುವವರಿಗೆ: ಸಾಮಾನ್ಯ ಬ್ಲೂಟೂತ್ ಹೆಡ್‌ಫೋನಿನಲ್ಲಿ ಸೌಂಡು 100ರಿಂದ 200 ಮಿಲಿಸೆಕೆಂಡ್ ತಡವಾಗಿ ಬರುವುದು ಮಾಮೂಲು. ಸೆಕೆಂಡಿಗೆ 60 ಫ್ರೇಮ್ ಓಡುವ ಆಟದಲ್ಲಿ ಒಂದು ಫ್ರೇಮ್ ಅಂದರೆ ಸುಮಾರು 16.7 ಮಿಲಿಸೆಕೆಂಡ್. ಅಂದರೆ ಗುಂಡು ಹಾರಿ ಆರರಿಂದ ಹನ್ನೆರಡು ಫ್ರೇಮ್ ಆದ ಮೇಲೆ ಢಂ ಅನ್ನುತ್ತದೆ. ಸಿನಿಮಾ ನೋಡುವಾಗ ಪ್ಲೇಯರ್ ಚಿತ್ರವನ್ನೂ ಅಷ್ಟೇ ತಡಮಾಡಿ ಸರಿದೂಗಿಸಬಹುದು. ಆಟದಲ್ಲಿ ಆ ಉಪಾಯ ನಡೆಯಲ್ಲ, ಬಟನ್ ಒತ್ತುವುದು ನೀವು. ಅದಕ್ಕೇ ತಂತಿ.

ಕನ್ಸೋಲಿನ ಬೆನ್ನು ನೋಡಿ

ಟಾರ್ಚ್ ಹಿಡಿದು ಹಿಂದೆ ಏನೇನು ತೂತು ಇದೆ ನೋಡಿ. ಇದನ್ನು ಮಾಡದೆ ಡಬ್ಬಿ ತಂದು ಮೋಸ ಹೋದವಳು ನಾನು. ಪಿಎಸ್4 ಇದ್ದಾಗ ತಂದ ಆಪ್ಟಿಕಲ್ ಡಬ್ಬಿಯನ್ನೇ ಪಿಎಸ್5ಗೂ ಹಾಕಬಹುದು ಅಂದುಕೊಂಡು, ಹೊಸ ಯಂತ್ರವನ್ನು ಜಾಗದಲ್ಲಿ ಕೂರಿಸಿ, ಕೇಬಲ್ ಹಿಡಿದು ಹಿಂದೆ ಕೈಯಾಡಿಸಿದರೆ ತೂತೇ ಇಲ್ಲ!

ಆಪ್ಟಿಕಲ್ (ಬೆಳಕಿನ ಮೂಲಕ ಸೌಂಡು ಕಳಿಸುವ ತೂತು) ಇರುವವು: ಪಿಎಸ್2, ಪಿಎಸ್3, ಮೊದಲ ಪಿಎಸ್4, ಪಿಎಸ್4 ಪ್ರೋ, ಎಕ್ಸ್‌ಬಾಕ್ಸ್ ಒನ್, ಒನ್ ಎಸ್, ಒನ್ ಎಕ್ಸ್. ಇಲ್ಲದವು: 2016ರಲ್ಲಿ ಬಂದ ಪಿಎಸ್4 ಸ್ಲಿಮ್, ಪಿಎಸ್5, 2020ರ ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್ ಮತ್ತು ಎಸ್, ಸ್ವಿಚ್. ಪಿಎಸ್2, ಪಿಎಸ್3 ಇಟ್ಟುಕೊಂಡವರಿಗೆ ಇನ್ನೂ ಸುಲಭ. ಅವುಗಳ ಹಳೇ ಎವಿ ಕೇಬಲ್‌ನಲ್ಲೇ ಕೆಂಪು-ಬಿಳಿ ಪಿನ್ ಇವೆ, ನೇರ ಸ್ಪೀಕರಿಗೆ ಹಾಕಿ. ಪಿಎಸ್3ರಲ್ಲಿ ಸೌಂಡ್ ಸೆಟ್ಟಿಂಗ್ಸ್‌ಗೆ ಹೋಗಿ ಔಟ್‌ಪುಟ್ ಎವಿ ಕಡೆಗೆ ತಿರುಗಿಸಿದರೆ ಮುಗಿಯಿತು.

ಆಪ್ಟಿಕಲ್ ಇದ್ದರೆ

ಬೇಕಾದದ್ದು ಮೂರು: ಆಪ್ಟಿಕಲ್ ಕೇಬಲ್, ಡ್ಯಾಕ್ ಅನ್ನುವ ಪುಟ್ಟ ಡಬ್ಬಿ, ಕೆಂಪು-ಬಿಳಿ ಆರ್‌ಸಿಎ ಕೇಬಲ್. ಡ್ಯಾಕ್ ಮಾಡುವ ಕೆಲಸ ಒಂದೇ, ಅಂಕಿಗಳ ರೂಪದಲ್ಲಿ ಬಂದ ಸೌಂಡನ್ನು ಸ್ಪೀಕರಿಗೆ ಅರ್ಥವಾಗುವ ಏರಿಳಿತದ ವೋಲ್ಟೇಜ್ ಮಾಡುವುದು. ಕೊಳ್ಳುವಾಗ ಡಬ್ಬಿಯ ಮೇಲೆ 'ಡಿಜಿಟಲ್ ಟು ಅನಲಾಗ್' ಎಂದೇ ಇರಬೇಕು. ನೋಡಲು ಅವಳಿ-ಜವಳಿಯ ಹಾಗಿರುವ 'ಅನಲಾಗ್ ಟು ಡಿಜಿಟಲ್' ಡಬ್ಬಿಯೂ ಇರುತ್ತದೆ, ಅದು ಉಲ್ಟಾ ಕೆಲಸದ್ದು. ಒಂದು ತುದಿಯಲ್ಲಿ ಎಚ್‌ಡಿಎಂಐ (ಚಿತ್ರ, ಸೌಂಡು ಎರಡನ್ನೂ ಡಿಜಿಟಲ್ ಆಗಿ ಟಿವಿಗೆ ಒಯ್ಯುವ ಪಿನ್), ಇನ್ನೊಂದು ತುದಿಯಲ್ಲಿ ಕೆಂಪು-ಬಿಳಿ ಪಿನ್ ಇರುವ ಬರೀ ಕೇಬಲ್ ಕಂಡರೂ ಕೈ ಹಾಕಬೇಡಿ. ನಡುವೆ ಚಿಪ್ ಇಲ್ಲದ ತಂತಿ ಏನನ್ನೂ ಬದಲಿಸಲ್ಲ.

ಆಪ್ಟಿಕಲ್ ಕೇಬಲ್ ಹೊಸದಾಗಿದ್ದರೆ ಎರಡೂ ತುದಿಗೆ ಸಣ್ಣ ಪ್ಲಾಸ್ಟಿಕ್ ಟೋಪಿ ಇರುತ್ತದೆ. ತೆಗೆಯಿರಿ. ನಗಬೇಡಿ, ಪಾರದರ್ಶಕವಾಗಿರುವ ಆ ಟೋಪಿ ಇರುವಾಗಲೇ ಒತ್ತಿ ಒತ್ತಿ ನಾನು ತೂತಿನ ಬಾಗಿಲು ಮುರಿಯುವುದರಲ್ಲಿದ್ದೆ. ತುದಿ ಚೌಕ, ಆದರೆ ಒಂದು ಬದಿಯ ಎರಡು ಮೂಲೆ ಕತ್ತರಿಸಿದ ಹಾಗಿರುತ್ತದೆ. ತೂತಿನ ಆಕಾರಕ್ಕೆ ಸರಿಹೊಂದಿಸಿ ತಳ್ಳಿದರೆ ಟಿಕ್ ಅನ್ನುತ್ತದೆ. ಕೇಬಲ್ಲನ್ನು ಗೋಡೆಗೆ ಒತ್ತಿ ಮಡಚಬೇಡಿ. ಒಳಗಿರುವುದು ಬೆಳಕು ಹರಿಯುವ ಪ್ಲಾಸ್ಟಿಕ್ ನಾರು, ಜಾಸ್ತಿ ಬಗ್ಗಿಸಿದರೆ ಬೆಳಕು ಸೋರಿಹೋಗುತ್ತದೆ. 5 ಮೀಟರ್ ಒಳಗಿನ ಉದ್ದಕ್ಕೆ ಚಿಂತೆ ಬೇಡ.

ಈಗ ತಮ್ಮನ ಕಥೆಗೆ ಬರೋಣ. 1983ರಲ್ಲಿ ತೋಷಿಬಾ ಈ ಆಪ್ಟಿಕಲ್ ಜೋಡಣೆ ತಂದದ್ದು ಸಿಡಿ ಪ್ಲೇಯರಿಗೆ, ಎಡ-ಬಲ ಎರಡು ಚಾನೆಲ್ ಸೌಂಡಿಗೆ. ಅಷ್ಟನ್ನು ಅದು ಹಾಗೇ, ಒತ್ತದೆ ಹಿಂಡದೆ ಒಯ್ಯುತ್ತದೆ. ಅದಕ್ಕೆ ಲೀನಿಯರ್ ಪಿಸಿಎಂ ಎಂದು ಹೆಸರು. ಆರು ಚಾನೆಲ್ ಕಳಿಸಬೇಕು ಅಂದರೆ ಜಾಗ ಸಾಲಲ್ಲ. ಆಗ ಕನ್ಸೋಲ್ ಅದನ್ನು ಡಾಲ್ಬಿ ಅಥವಾ ಡಿಟಿಎಸ್ ಎಂಬ ಗಂಟು ಕಟ್ಟಿ ಕಳಿಸುತ್ತದೆ. ದೊಡ್ಡ ಆಂಪ್ಲಿಫೈಯರಿಗೆ ಆ ಗಂಟು ಬಿಚ್ಚಲು ಗೊತ್ತು. ನಮ್ಮ ಪುಟ್ಟ ಡ್ಯಾಕಿಗೆ ಸಾಮಾನ್ಯವಾಗಿ ಗೊತ್ತಿರಲ್ಲ. ಅದು ಸುಮ್ಮನಿರುತ್ತದೆ, ಇಲ್ಲವೇ ಕರ್ರ್ ಎಂದು ಕಿರುಚುತ್ತದೆ. ಹೇಗೂ ನಿಮ್ಮ ಹತ್ತಿರ ಇರುವುದು ಎರಡು ಸ್ಪೀಕರ್. ಡಾಲ್ಬಿ ಆರಿಸಿ ಸಿಗುವ ಲಾಭ ಏನೂ ಇಲ್ಲ.

ಪಿಎಸ್4: ಸೆಟ್ಟಿಂಗ್ಸ್, ಸೌಂಡ್ ಅಂಡ್ ಸ್ಕ್ರೀನ್, ಆಡಿಯೋ ಔಟ್‌ಪುಟ್ ಸೆಟ್ಟಿಂಗ್ಸ್. ಪ್ರೈಮರಿ ಔಟ್‌ಪುಟ್ ಪೋರ್ಟ್ ಅನ್ನು 'ಡಿಜಿಟಲ್ ಔಟ್ (ಆಪ್ಟಿಕಲ್)' ಮಾಡಿ. ಅಲ್ಲೇ ಕೆಳಗೆ ಆಡಿಯೋ ಫಾರ್ಮ್ಯಾಟ್ 'ಲೀನಿಯರ್ ಪಿಸಿಎಂ'. ಎಕ್ಸ್‌ಬಾಕ್ಸ್: ಸೆಟ್ಟಿಂಗ್ಸ್, ಜನರಲ್, ವಾಲ್ಯೂಮ್ ಅಂಡ್ ಆಡಿಯೋ ಔಟ್‌ಪುಟ್. ಆಪ್ಟಿಕಲ್ ಆಡಿಯೋ 'ಸ್ಟೀರಿಯೋ ಅನ್‌ಕಂಪ್ರೆಸ್ಡ್'.

ಆಟದಲ್ಲಿ ಸೌಂಡು ಬಂದು, ಬ್ಲೂ-ರೇ ಡಿಸ್ಕ್ ಹಾಕಿದಾಗ ಮಾತ್ರ ಮೌನ ಆದರೆ? ಡಿಸ್ಕ್ ಪ್ಲೇಯರಿಗೆ ಅದರದ್ದೇ ಬೇರೆ ಸೆಟ್ಟಿಂಗ್ ಇದೆ. ಸಿನಿಮಾ ಓಡುತ್ತಿರುವಾಗ ಆಪ್ಷನ್ಸ್ ಬಟನ್ ಒತ್ತಿ, ಅಲ್ಲೂ ಲೀನಿಯರ್ ಪಿಸಿಎಂ ಮಾಡಿ. ಇದನ್ನು ಕಂಡುಹಿಡಿಯಲು ನನಗೆ ಒಂದು ವಾರ ಬೇಕಾಯಿತು.

ಎಚ್‌ಡಿಎಂಐ ಒಂದೇ ಇದ್ದರೆ

ಇಲ್ಲಿ ಎರಡು ದಾರಿ. ಸುಲಭದ್ದನ್ನು ಮೊದಲು ಹೇಳುತ್ತೇನೆ.

ಕನ್ಸೋಲ್ ನೇರ ಟಿವಿಗೆ ಹೋಗಲಿ. ಸೌಂಡನ್ನು ಟಿವಿಯ ಹಿಂದಿನಿಂದ ತೆಗೆಯಿರಿ. ಬಹಳಷ್ಟು ಟಿವಿಗಳಲ್ಲಿ ಆಪ್ಟಿಕಲ್ ಔಟ್ ಇರುತ್ತದೆ, ಕೆಲವಲ್ಲಿ ಹೆಡ್‌ಫೋನ್ ತೂತೂ ಇರುತ್ತದೆ. ಹೆಡ್‌ಫೋನ್ ತೂತಿದ್ದರೆ ಡಬ್ಬಿಯ ಮಾತೇ ಇಲ್ಲ. 3.5 ಮಿಲಿಮೀಟರಿನಿಂದ ಕೆಂಪು-ಬಿಳಿಗೆ ಹೋಗುವ ಕೇಬಲ್ ಒಂದು ಸಾಕು, ಟಿವಿ ರಿಮೋಟಿನಲ್ಲೇ ವಾಲ್ಯೂಮ್ ಕೂಡ ಸಿಗುತ್ತದೆ. ಗೇಮಿಂಗ್ ಮಾನಿಟರಿನ ಹಿಂದೆಯೂ ಎಷ್ಟೋ ಸಲ ಇಂಥದೊಂದು ತೂತು ಇರುತ್ತದೆ, ಹುಡುಕಿ. ಆಪ್ಟಿಕಲ್ ಆದರೆ ಮೇಲೆ ಹೇಳಿದ ಡ್ಯಾಕ್ ಹಾಕಿ, ಟಿವಿಯ ಸೌಂಡ್ ಮೆನುವಿನಲ್ಲಿ ಡಿಜಿಟಲ್ ಔಟ್‌ಪುಟ್ 'ಪಿಸಿಎಂ' ಮಾಡಿ. ತೊಂದರೆ ಏನೆಂದರೆ ಕೆಲವು ಟಿವಿಗಳು ಸೌಂಡನ್ನು ತಮ್ಮೊಳಗೆ ಸುತ್ತಾಡಿಸಿ ತಡವಾಗಿ ಬಿಡುತ್ತವೆ. ಟಿವಿಯ ಮೆನುವಿನಲ್ಲಿ ಈ ತಡವನ್ನು ಕಡಿಮೆ ಮಾಡುವ 'ಗೇಮ್ ಮೋಡ್' ಹಾಕಿದರೆ ಬಹಳ ಮಟ್ಟಿಗೆ ಸರಿಹೋಗುತ್ತದೆ.

ಎರಡನೇ ದಾರಿ ಎಚ್‌ಡಿಎಂಐ ಆಡಿಯೋ ಎಕ್ಸ್‌ಟ್ರಾಕ್ಟರ್. ಕನ್ಸೋಲಿನ ಕೇಬಲ್ ಇದಕ್ಕೆ ಬರುತ್ತದೆ, ಇದರಿಂದ ಇನ್ನೊಂದು ಕೇಬಲ್ ಟಿವಿಗೆ ಹೋಗುತ್ತದೆ. ದಾರಿಯಲ್ಲಿ ಡಬ್ಬಿ ಸೌಂಡನ್ನು ಪಕ್ಕಕ್ಕೆ ಎಳೆದು ಕೆಂಪು-ಬಿಳಿ ತೂತಿಗೋ ಹೆಡ್‌ಫೋನ್ ತೂತಿಗೋ ಕೊಡುತ್ತದೆ. ಹೊರಗೆ ಹೋಗುವ ಸೌಂಡು ಟಿವಿಯನ್ನು ಮುಟ್ಟುವುದೇ ಇಲ್ಲ, ಹಾಗಾಗಿ ಅಲ್ಲಿ ತಡವಾಗುವ ಮಾತಿಲ್ಲ. ಕೆಲವು ಸಲ ಉಲ್ಟಾ ಆಗುತ್ತದೆ, ಸೌಂಡು ಮುಂದೆ, ಚಿತ್ರ ಹಿಂದೆ. ಆಗಲೂ ಮದ್ದು ಗೇಮ್ ಮೋಡೇ.

ಈ ಡಬ್ಬಿಯ ಮೇಲೆ ಒಂದು ಪುಟ್ಟ ಸ್ವಿಚ್ ಇರುತ್ತದೆ. 'ಪಾಸ್', '2ಸಿಎಚ್', '5.1ಸಿಎಚ್' ಅಂತ ಇಂಗ್ಲಿಷಿನಲ್ಲಿ ಬರೆದಿರುತ್ತಾರೆ. ಹೆಚ್ಚಿನವರು ಅದನ್ನು ಗಮನಿಸುವುದೇ ಇಲ್ಲ. ಅದು ಮಾಡುವ ಕೆಲಸ ಸ್ವಾರಸ್ಯವಾಗಿದೆ. ಕನ್ಸೋಲ್ ಆನ್ ಆದ ಕೂಡಲೇ ಎಚ್‌ಡಿಎಂಐ ತಂತಿಯ ಆ ತುದಿಯಲ್ಲಿ ಇರುವವರನ್ನು "ನಿನಗೆ ಯಾವ ಯಾವ ಥರದ ಸೌಂಡು ಗೊತ್ತು?" ಎಂದು ಕೇಳುತ್ತದೆ. ಟಿವಿ ತನ್ನ ಪಟ್ಟಿ ಕೊಡುತ್ತದೆ. ಸ್ವಿಚ್ 'ಪಾಸ್'ನಲ್ಲಿ ಇದ್ದರೆ ಡಬ್ಬಿ ಆ ಪಟ್ಟಿಯನ್ನು ಹಾಗೇ ದಾಟಿಸುತ್ತದೆ. ಟಿವಿಗೆ ಡಾಲ್ಬಿ ಗೊತ್ತು ಅಂತ ತಿಳಿದ ಕನ್ಸೋಲ್ ಡಾಲ್ಬಿಯನ್ನೇ ಕಳಿಸಬಹುದು. ಆಗ ಟಿವಿ ಹಾಡುತ್ತದೆ, ನಿಮ್ಮ ಸ್ಪೀಕರ್ ಸುಮ್ನೆ ಕೂತಿರುತ್ತದೆ. '2ಸಿಎಚ್'ಗೆ ತಳ್ಳಿದರೆ ಡಬ್ಬಿ ನಡುವೆ ಬಾಯಿ ಹಾಕಿ "ಇಲ್ಲಪ್ಪ, ನಮಗೆ ಎರಡೇ ಚಾನೆಲ್ ಗೊತ್ತಿರೋದು" ಎಂದು ಹೇಳುತ್ತದೆ. ನಮಗೆ ಬೇಕಿರುವುದು ಅದೇ. ಸ್ವಿಚ್ ಬದಲಿಸಿದ ಮೇಲೆ ಎಚ್‌ಡಿಎಂಐ ಕೇಬಲ್ ಒಮ್ಮೆ ತೆಗೆದು ಹಾಕಿ, ಇಲ್ಲವೇ ಎಲ್ಲವನ್ನೂ ಆಫ್ ಮಾಡಿ ಆನ್ ಮಾಡಿ. ಆ ಪ್ರಶ್ನೆ-ಉತ್ತರ ಮತ್ತೆ ನಡೆಯಬೇಕಲ್ಲ.

ಕನ್ಸೋಲ್ ಕಡೆಯೂ ಸೆಟ್ಟಿಂಗ್ ನೋಡಿಬಿಡಿ. ಪಿಎಸ್5ರಲ್ಲಿ ಸೆಟ್ಟಿಂಗ್ಸ್, ಸೌಂಡ್, ಆಡಿಯೋ ಔಟ್‌ಪುಟ್ ಒಳಗೆ ಎಚ್‌ಡಿಎಂಐ ಡಿವೈಸ್ ಟೈಪ್ 'ಟಿವಿ', ಫಾರ್ಮ್ಯಾಟ್ 'ಲೀನಿಯರ್ ಪಿಸಿಎಂ'. ಎಕ್ಸ್‌ಬಾಕ್ಸಿನಲ್ಲಿ ಎಚ್‌ಡಿಎಂಐ ಆಡಿಯೋ 'ಸ್ಟೀರಿಯೋ ಅನ್‌ಕಂಪ್ರೆಸ್ಡ್'. ನಿಂಟೆಂಡೋ ಸ್ವಿಚ್‌ನಲ್ಲಿ ಟಿವಿ ಸೌಂಡ್ 'ಸ್ಟೀರಿಯೋ'.

ನಿಂಟೆಂಡೋ ಸ್ವಿಚ್ ವಿಷಯದಲ್ಲಿ ಒಂದು ವಿಚಿತ್ರ ರೋಗ ಕಾಣಿಸಬಹುದು. ಸಂಗೀತ ಕೇಳುತ್ತದೆ, ಹೆಜ್ಜೆ ಸಪ್ಪಳ ಕೇಳುತ್ತದೆ, ಪಾತ್ರಗಳ ಮಾತು ಮಾತ್ರ ಎಲ್ಲೋ ಬಾವಿಯೊಳಗಿಂದ ಬಂದ ಹಾಗೆ, ಅಥವಾ ಕೇಳುವುದೇ ಇಲ್ಲ. ಸ್ವಿಚ್ ಡಾಲ್ಬಿ ಗಂಟು ಕಟ್ಟುವುದಿಲ್ಲ, ಸರೌಂಡ್ ಆರಿಸಿದರೆ ಆರು ಚಾನೆಲನ್ನೂ ಪಿಸಿಎಂ ಆಗಿಯೇ ಕಳಿಸುತ್ತದೆ. ಡಬ್ಬಿ ಅದರಲ್ಲಿ ಮುಂದಿನ ಎಡ-ಬಲ ಎರಡನ್ನು ಮಾತ್ರ ಹಿಡಿದು ಉಳಿದದ್ದನ್ನು ಬಿಟ್ಟುಬಿಡಬಹುದು. ಮಾತು ಹೆಚ್ಚಾಗಿ ಇರುವುದು ನಡುವಿನ ಚಾನೆಲಿನಲ್ಲಿ. 'ಸ್ಟೀರಿಯೋ' ಮಾಡಿದ ತಕ್ಷಣ ಮಾತು ವಾಪಸ್ ಬರುತ್ತದೆ.

ಎಕ್ಸ್‌ಟ್ರಾಕ್ಟರ್ ಕೊಳ್ಳುವಾಗ ಚಿತ್ರದ ಕಡೆಯನ್ನೂ ನೋಡಬೇಕು. ನಡುವೆ ನಿಂತವನು ಎಷ್ಟು ದಾಟಿಸುತ್ತಾನೋ ಟಿವಿಗೆ ಅಷ್ಟೇ. ಎಚ್‌ಡಿಎಂಐ 2.0 ಡಬ್ಬಿಯ ಮಿತಿ ಸೆಕೆಂಡಿಗೆ 18 ಗಿಗಾಬಿಟ್, 4ಕೆ 60 ಹರ್ಟ್ಜ್‌ಗೆ ಸಾಕು. ಪಿಎಸ್5 ಅಥವಾ ಸೀರೀಸ್ ಎಕ್ಸ್‌ನಲ್ಲಿ 4ಕೆ 120 ಹರ್ಟ್ಜ್ ಆಡುವವರಿಗೆ ಸಾಲಲ್ಲ. ಅಂಥವರು ನಡುವೆ ಡಬ್ಬಿ ಹಾಕಲೇಬೇಡಿ, ಟಿವಿಯ ಹಿಂದಿನಿಂದಲೇ ಸೌಂಡು ತೆಗೆಯಿರಿ. ಟಿವಿಯಲ್ಲಿ ಆಪ್ಟಿಕಲ್ ಇಲ್ಲದೆ 'ಎಆರ್‌ಸಿ' ಎಂದು ಬರೆದ (ಟಿವಿಯ ಸೌಂಡನ್ನು ಹೊರಗೆ ಕಳಿಸಬಲ್ಲ) ಎಚ್‌ಡಿಎಂಐ ಮಾತ್ರ ಇದ್ದರೆ, ಅದರಿಂದ ಅನಲಾಗ್ ತೆಗೆಯುವ ಎಆರ್‌ಸಿ ಡಬ್ಬಿಯೇ ಬೇರೆ ಸಿಗುತ್ತದೆ. ಟಿವಿಯಲ್ಲಿ ಸಿಇಸಿ (ಎಚ್‌ಡಿಎಂಐ ಯಂತ್ರಗಳು ಒಂದನ್ನೊಂದು ನಿಯಂತ್ರಿಸುವ ಸೌಕರ್ಯ) ಆನ್ ಮಾಡಿ, ಔಟ್‌ಪುಟ್ ಮತ್ತೆ ಅದೇ ಪಿಸಿಎಂ.

ಯುಎಸ್‌ಬಿ

ಪಿಎಸ್4, ಪಿಎಸ್5, ಸ್ವಿಚ್ ಮೂರಕ್ಕೂ ಯುಎಸ್‌ಬಿ ಡ್ಯಾಕ್ ಚುಚ್ಚಬಹುದು. ಸ್ವಿಚ್‌ಗೆ ಈ ಸೌಕರ್ಯ ಬಂದದ್ದು 2017ರ 4.0 ಅಪ್‌ಡೇಟಿನಲ್ಲಿ. ಪ್ಲೇಸ್ಟೇಷನ್‌ಗೆ ಬೇಕಾದದ್ದು ಯುಎಸ್‌ಬಿ ಆಡಿಯೋ ಕ್ಲಾಸ್ 1, ಅಂದರೆ ಯುಎಸಿ 1 ಅನ್ನುವ ಹಳೇ ಮಟ್ಟ. ದೊಡ್ಡ ದೊಡ್ಡ ಡ್ಯಾಕುಗಳು ಯುಎಸಿ 2ರಲ್ಲಿ ನಿಂತಿರುತ್ತವೆ, ಕನ್ಸೋಲ್ ಅವುಗಳ ಕಡೆ ತಿರುಗಿಯೂ ನೋಡಲ್ಲ. ಮೋಡ್ ಬದಲಿಸುವ ಬಟನ್ ಇರುವುದನ್ನೇ ತನ್ನಿ. ಎಕ್ಸ್‌ಬಾಕ್ಸಿನವರು ಈ ದಾರಿಯನ್ನು ಮರೆತುಬಿಡಿ, ಸಾಮಾನ್ಯ ಯುಎಸ್‌ಬಿ ಡ್ಯಾಕುಗಳನ್ನು ಅದು ಒಪ್ಪಲ್ಲ. ಬರೀ ಹೆಡ್‌ಫೋನ್ ಸಾಕು, ಆದರೆ ಕಂಟ್ರೋಲರಿನ ಜಾಕ್ ಬೇಡ ಅನ್ನುವ ಪಿಎಸ್5 ಮಂದಿಗೆ ನನ್ನ ಮೊದಲ ಸಲಹೆ ಇದೇ. ಒಂದೇ ತಂತಿ, ಬೇರೆ ಕರೆಂಟು ಬೇಡ.

ಸ್ಪೀಕರ್, ಹೆಡ್‌ಫೋನ್, ವಾಲ್ಯೂಮ್

ಡ್ಯಾಕ್ ಡಬ್ಬಿಯಿಂದ ಕೆಂಪು-ಬಿಳಿಯಲ್ಲಿ ಬರುವುದು ಲೈನ್ ಮಟ್ಟದ ಸೌಂಡು, ಹೆಚ್ಚೆಂದರೆ ಸುಮಾರು 2 ವೋಲ್ಟ್. ಸ್ಪೀಕರಿಗೆ ತನ್ನದೇ ಕರೆಂಟ್ ವೈರ್ ಇದ್ದರೆ ಒಳಗೆ ಆಂಪ್ಲಿಫೈಯರ್ ಇದೆ ಎಂದರ್ಥ, ನೇರ ಹಾಕಿ. ಹಿಂದೆ ಬರೀ ಎರಡು ತಂತಿ ಸಿಕ್ಕಿಸುವ ಕ್ಲಿಪ್ ಇದ್ದರೆ ನಡುವೆ ಆಂಪ್ಲಿಫೈಯರ್ ಬೇಕೇ ಬೇಕು. ಕೆಂಪು ಬಲ, ಬಿಳಿ ಎಡ. ತಿರುಗುಮುರುಗಾದರೆ ಏನೂ ಸುಡಲ್ಲ, ಶತ್ರು ಎಡಗಡೆ ಬಂದರೆ ನೀವು ಬಲಗಡೆ ತಿರುಗುತ್ತೀರಿ, ಅಷ್ಟೇ.

ಹೆಡ್‌ಫೋನನ್ನು ಅಡಾಪ್ಟರ್ ಹಾಕಿ ಈ ಕೆಂಪು-ಬಿಳಿ ತೂತಿಗೆ ಸಿಕ್ಕಿಸಿದರೆ ಸೌಂಡು ಸೊರಗಿದ ಹಾಗೆ ಬರುತ್ತದೆ. 32 ಓಮ್‌ನ ಹೆಡ್‌ಫೋನಿಗೆ ಬೇಕಾದಷ್ಟು ಕರೆಂಟು ಕೊಡುವ ತಾಕತ್ತು ಲೈನ್ ಔಟಿಗೆ ಇಲ್ಲ. ಹೆಡ್‌ಫೋನ್ ಚಿತ್ರ ಬರೆದ ಜಾಕ್, ಜೊತೆಗೆ ತಿರುಗಿಸುವ ಗುಂಡಿ ಇರುವ ಡ್ಯಾಕನ್ನೇ ತನ್ನಿ. ಗುಂಡಿ ಯಾಕೆ ಅಂದರೆ, ಆಪ್ಟಿಕಲ್‌ನಲ್ಲಿ ಸಾಮಾನ್ಯವಾಗಿ ಸೌಂಡು ಒಂದೇ ಮಟ್ಟದಲ್ಲಿ ಬರುತ್ತದೆ. ಟಿವಿ ರಿಮೋಟ್ ಎಷ್ಟು ಒತ್ತಿದರೂ ಅದು ಜಗ್ಗಲ್ಲ. ಮೊದಲ ಸಲ ಆನ್ ಮಾಡುವಾಗ ಹೆಡ್‌ಫೋನ್ ಕಿವಿಗೆ ಹಾಕದೆ ಮಡಿಲಲ್ಲಿ ಇಟ್ಟುಕೊಳ್ಳಿ, ಗುಂಡಿ ಪೂರ್ತಿ ಕೆಳಗೆ ಇರಲಿ.

ಗುಂಯ್ ಅನ್ನುವುದು

ಎಲ್ಲ ಸರಿಯಾಗಿ ಜೋಡಿಸಿದ ಮೇಲೂ ಹಿಂದೆ ಗುಂಯ್ ಎಂಬ ಸದ್ದು ಬಂದರೆ ಅದು ಹೆಚ್ಚಾಗಿ ಗ್ರೌಂಡ್ ಲೂಪ್. ಕನ್ಸೋಲ್, ಟಿವಿ, ಸ್ಪೀಕರ್ ಎಲ್ಲವೂ ಲೋಹದ ತಂತಿಯಲ್ಲಿ ಕೈ ಕೈ ಹಿಡಿದು ನಿಂತಿರುತ್ತವೆ, ಕರೆಂಟ್ ಲೈನಿನ ಗುನುಗು ಆ ಸುತ್ತಿನಲ್ಲಿ ಓಡಾಡುತ್ತದೆ. ಮೊದಲು ಎಲ್ಲದರ ಪ್ಲಗ್ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕಿ ನೋಡಿ. ನಂತರ ಡಬ್ಬಿಗೆ ಕರೆಂಟು ಎಲ್ಲಿಂದ ಬರುತ್ತಿದೆ ನೋಡಿ. ಟಿವಿಯ ಯುಎಸ್‌ಬಿಯಿಂದ ಬರುತ್ತಿದ್ದರೆ ಅದನ್ನು ಕಿತ್ತು ಒಂದು ಫೋನ್ ಚಾರ್ಜರಿಗೆ ಹಾಕಿ. ಎಷ್ಟೋ ಸಲ ಅಲ್ಲಿಗೆ ನಿಲ್ಲುತ್ತದೆ. ಯಾವ ಕಾರಣಕ್ಕೂ ಪ್ಲಗ್ಗಿನ ಅರ್ಥ್ ಪಿನ್ ಮುರಿಯಲು ಹೋಗಬೇಡಿ.

ನನಗೆ ಅದೂ ಸಾಲಲಿಲ್ಲ. ಮೂಲೆಯಲ್ಲಿ ಆ ಹಳೇ ಆಪ್ಟಿಕಲ್ ಡ್ಯಾಕ್ ಧೂಳು ತಿನ್ನುತ್ತಾ ಬಿದ್ದಿತ್ತು. ಎಕ್ಸ್‌ಟ್ರಾಕ್ಟರಿನ ಬೆನ್ನು ನೋಡಿದೆ, ಅದಕ್ಕೆ ಆಪ್ಟಿಕಲ್ ಔಟ್ ಕೂಡ ಇತ್ತು. ಅದರ ಕೆಂಪು-ಬಿಳಿ ಬಿಟ್ಟು, ಆಪ್ಟಿಕಲ್ ತೆಗೆದು ಹಳೇ ಡ್ಯಾಕಿಗೆ ಕೊಟ್ಟೆ. ಡ್ಯಾಕಿಗೆ ಬೇರೆ ಚಾರ್ಜರ್. ಪ್ಲಾಸ್ಟಿಕ್ ನಾರಿನಲ್ಲಿ ಬೆಳಕು ಮಾತ್ರ ಹೋಗುತ್ತದೆ, ಕರೆಂಟು ದಾಟಲ್ಲ. ಗುಂಯ್ ನಿಂತುಹೋಯಿತು. ತಂಡಕ್ಕೆ ಸೇರದೆ ಕೂತಿದ್ದ ಡಬ್ಬಿಗೆ ಮತ್ತೆ ಕೆಲಸ ಸಿಕ್ಕಿತು.

ಈಗ ನಮ್ಮ ಟಿವಿ ಹಿಂದೆ ಪ್ರತಿ ಕೇಬಲ್ಲಿಗೂ ಒಂದು ಕಾಗದದ ಪಟ್ಟಿ ಸುತ್ತಿ ಹೆಸರು ಬರೆದಿದ್ದೇನೆ. ಎಕ್ಸ್‌ಟ್ರಾಕ್ಟರಿನ ಸ್ವಿಚ್ಚನ್ನು '2ಸಿಎಚ್'ಗೆ ತಳ್ಳಿ ಮೇಲೆ ಟೇಪ್ ಅಂಟಿಸಿದ್ದೇನೆ. ಮಗಳ ಕೈಗೆ ಸರಿಯಾಗಿ ಎಟುಕುವ ಎತ್ತರದಲ್ಲಿದೆ ಅದು.